ಬೆಳ್ಳಿಗೆ ಜೊತೆ ಮಾಡಿದ ಬಗೆ

ಸಾಕಿದ ಮೊಲಕ್ಕೆ ಇನ್ನೊಂದು ಮೊಲ ತರಬೇಕು ಅಂತಿದ್ದೀರಾ? ತನ್ನಿ, ಒಂಟಿ ಮೊಲ ನೋಡಿದರೆ ನನಗೆ ಸಂಕಟವಾಗುತ್ತದೆ. ಆದರೆ ತಂದ ದಿನವೇ ಒಟ್ಟಿಗೆ ಬಿಡಬೇಡಿ. ನಾನು ಬಿಟ್ಟಿದ್ದೆ. ಶಿರಸಿ ಹತ್ತಿರದ ನಮ್ಮ ಮನೆಯ ಜಗುಲಿಯಲ್ಲಿ ಕೂತಿದ್ದ ದೊಡ್ಡಾಯಿ "ಒಂದೇ ಜಾತಿ ಅಲ್ದನೇ ತಂಗಿ, ಬಿಟ್ಟಾಕು" ಅಂದಳು. ಬುಟ್ಟಿಯಿಂದ ಹೊಸ ಮೊಲ ಕರಿಯನನ್ನು ಎತ್ತಿ, ಮೊದಲಿಂದಿದ್ದ ಬೆಳ್ಳಿಯ ಗೂಡಿನೊಳಗೆ ಇಟ್ಟೆ. ಒಂದರ ಹಿಂದೊಂದು ಎರಡು ಸುತ್ತು ಗಿರಗಿರನೆ ತಿರುಗಿದವು, ಮರುಕ್ಷಣ ಕಚ್ಚಿ ಹಿಡಿದು ಉರುಳತೊಡಗಿದವು. ಬಿಡಿಸುವಷ್ಟರಲ್ಲಿ ಕರಿಯನ ಕಿವಿಯಂಚು ಹೆಸರುಕಾಳಿನಷ್ಟು ಹರಿದಿತ್ತು, ನನ್ನ ಹೆಬ್ಬೆರಳಲ್ಲೂ ರಕ್ತ. ಕೆಂಪು ನೆಲದ ಮೇಲೆಲ್ಲ ಬೆಳ್ಳಿಯ ಬಿಳಿ ಕೂದಲು.

ತಪ್ಪು ಬೆಳ್ಳಿಯದಲ್ಲ. ಮೊಲದ ಗದ್ದದ ಕೆಳಗೆ ವಾಸನೆಯ ಗ್ರಂಥಿ ಇದೆ. ಗೂಡಿನ ಕಾಲು, ಬಟ್ಟಲು, ಕಸಬರಿಗೆ, ಎಲ್ಲಕ್ಕೂ ಗದ್ದ ತಿಕ್ಕಿ 'ಇದು ನಂದು' ಅಂತ ಗುರುತು ಮಾಡಿಟ್ಟಿರುತ್ತದೆ. ಅಲ್ಲಿಗೆ ಬಂದದ್ದು ಅದರ ಲೆಕ್ಕದಲ್ಲಿ ಕಳ್ಳ.

ಕಿವಿ ತೋರಿಸಲು ಹೋದಾಗ ಡಾಕ್ಟರು ಹಿಂದೆ ಮುಂದೆ ನೋಡಿ "ಇದು ಗಂಡು" ಅಂದರು. ಮಾರಿದವರು ಹೆಣ್ಣು ಎಂದೇ ಕೊಟ್ಟಿದ್ದರು. ಮೊಲದ ಗರ್ಭ ಸುಮಾರು 31 ದಿನ. ಬೆಳ್ಳಿ ಗಬ್ಬವಾದಳೇನೋ ಎಂದು ಅಷ್ಟು ದಿನವೂ ನಾನು ಕ್ಯಾಲೆಂಡರ್ ನೋಡುತ್ತಲೇ ಇದ್ದೆ. ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲ ಪ್ರಾಣಿ ಅದು. ಹಾಗಾಗಿ ಮೊದಲು ಲಿಂಗ ಖಚಿತ ಮಾಡಿಕೊಳ್ಳಿ, ಆಮೇಲೆ ಎರಡಕ್ಕೂ ಸಂತಾನಹರಣ ಆಪರೇಶನ್ ಮಾಡಿಸಿ. ಜಗಳ ಅರ್ಧ ಅಲ್ಲೇ ಇಳಿಯುತ್ತದೆ. ಆಪರೇಶನ್ ಆಗದ ಹೆಣ್ಣುಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದೂ ಬಹಳ. ಮೊಲ ನೋಡಿ ಗೊತ್ತಿರುವ ಡಾಕ್ಟರೇ ಬೇಕು, ನಾವು ಹುಬ್ಬಳ್ಳಿಗೆ ಹೋದೆವು. ನಾಯಿಗೆ ಮಾಡುವ ಹಾಗೆ ಹಿಂದಿನ ರಾತ್ರಿ ಉಪವಾಸ ಇರಿಸಬೇಡಿ. ಮೊಲಕ್ಕೆ ವಾಂತಿ ಆಗುವುದಿಲ್ಲ, ಹೊಟ್ಟೆ ಖಾಲಿಬಿಟ್ಟರೆ ಕರುಳು ನಿಂತೇ ಹೋಗಬಹುದು. ಆಪರೇಶನ್ ಆದ ಗಂಡಿನಲ್ಲೂ ಕೆಲವು ವಾರ ಬೀಜಶಕ್ತಿ ಉಳಿದಿರುತ್ತದೆ. ಆರು ವಾರ ಬೇರೆಯೇ ಇಡಿ.

ಆ ಆರು ವಾರ ವ್ಯರ್ಥವಲ್ಲ. ಗೂಡುಗಳನ್ನು ಅಕ್ಕಪಕ್ಕ ಇಡಿ, ನಡುವೆ ಒಂದು ಗೇಣು ಜಾಗ ಬಿಡಿ. ಅಂಟಿಸಿದರೆ ಜಾಲರಿಯ ಸಂದಿಯಲ್ಲೇ ಮೂಗು ಕಚ್ಚುತ್ತವೆ. ದಿನವೂ ಇದರ ಗೋಣಿತಾಟು ಅದಕ್ಕೆ, ಅದರದ್ದು ಇದಕ್ಕೆ ಹಾಸಿ. ಗರಿಕೆ, ಕೊತ್ತಂಬರಿ ಸೊಪ್ಪು ಹಾಕುವುದು ಎದುರುಬದುರಾಗಿ, ಜಾಲರಿಯ ಬದಿಗೇ. ಮೊದಮೊದಲು ಬೆಳ್ಳಿ ಹಿಂಗಾಲು ಬಡಿದು ಸಿಟ್ಟು ತೋರಿಸುತ್ತಿದ್ದಳು. ಮೂರು ವಾರ ಕಳೆದ ಮೇಲೆ ಜಾಲರಿ ಪಕ್ಕ ಕಾಲು ಚಾಚಿ ಮಲಗಿದಳು.

ಮುಖಾಮುಖಿ ಬಿಡುವ ಜಾಗ ಎರಡಕ್ಕೂ ಹೊಸತಾಗಿರಬೇಕು. ದೀಪಾವಳಿ ಮುಗಿದಿತ್ತು, ಹೊಸ ಅಡಿಕೆ ಇನ್ನೂ ಮೇಲೆ ಹತ್ತಿರಲಿಲ್ಲ, ನಮ್ಮ ಮೆತ್ತಿ, ಅಂದರೆ ಹಂಚಿನ ಕೆಳಗಿನ ಅಟ್ಟ, ಖಾಲಿ ಇತ್ತು. ಕಾಲು ಜಾರದಂತೆ ಗೋಣಿತಾಟು ಹಾಸಿ, ಕರಡದ ಒಣಹುಲ್ಲನ್ನು ಎರಡು ಕಡೆ ಗುಪ್ಪೆ ಹಾಕಿದೆ. ಅಡಗಲು ರಟ್ಟಿನ ಪೆಟ್ಟಿಗೆ ಇಡುವುದಾದರೆ ಎರಡು ಬಾಗಿಲು ಕೊರೆಯಿರಿ, ಒಂದೇ ಬಾಗಿಲಿದ್ದರೆ ಒಳಗೆ ಸಿಕ್ಕಿಬಿದ್ದದ್ದು ಪೆಟ್ಟು ತಿನ್ನುತ್ತದೆ. ಕೈಗೆ ದಪ್ಪ ಗ್ಲೌಸು, ನಡುವೆ ತೂರಿಸಲು ಕಸಬರಿಗೆ. ಬರಿಗೈ ಹಾಕಲೇಬೇಡಿ. ಬೆಳಗಿನ ತಂಪಿನಲ್ಲಿ ಹತ್ತು ನಿಮಿಷ ಸಾಕು, ಹಂಚಿನ ಕೆಳಗೆ ಮಧ್ಯಾಹ್ನದ ಕಾವು ಮೊಲಕ್ಕೆ ಆಗದು.

ಒಂದು ಇನ್ನೊಂದರ ಬೆನ್ನ ಮೇಲೆ ಹತ್ತುವುದು, ಸ್ವಲ್ಪ ಅಟ್ಟುವುದು, ಒಂದು ಚಿಟಿಕೆ ಕೂದಲು ಕೀಳುವುದು ಇದ್ದದ್ದೇ, ಸಹಿಸಿ. ತಲೆಯ ಕಡೆಯಿಂದ ಹತ್ತಿದರೆ ಮಾತ್ರ ತಕ್ಷಣ ಇಳಿಸಿ, ಕೆಳಗಿನದು ಮರ್ಮಕ್ಕೆ ಕಚ್ಚಿಬಿಡುತ್ತದೆ. ಬಾಲ ಎತ್ತಿ, ಕಿವಿ ಹಿಂದಕ್ಕೆ ಒತ್ತಿ ಗಿರಗಿರ ಸುತ್ತಲು ಶುರುಮಾಡಿದರೆ ಆಗಲೇ ಬೇರೆ ಮಾಡಿ, ಕಚ್ಚುವ ತನಕ ಕಾಯಬೇಡಿ. ಎರಡೂ ಸುಮ್ಮನೆ ಕೂತಿರುವಾಗಲೇ ಆ ದಿನದ ಭೇಟಿ ಮುಗಿಸಿ.

ಒಂಬತ್ತನೇ ದಿನ ಬೆಳ್ಳಿ ಕರಿಯನ ಮುಂದೆ ಬಂದು ಗದ್ದವನ್ನು ನೆಲಕ್ಕೆ ಒತ್ತಿ ಕೂತಳು. 'ನೆಕ್ಕು' ಎಂಬ ಅಪ್ಪಣೆ ಅದು. ಕರಿಯ ಮುಖ ತಿರುಗಿಸಿದ. ಅವಳು ಮೂಗಿನಿಂದ ಅವನ ಕೆನ್ನೆ ತಿವಿದು ಮತ್ತೆ ತಲೆ ತಗ್ಗಿಸಿದಳು. ಆಗ ಅವನು ಅವಳ ಹಣೆ ನೆಕ್ಕಿದ, ಆಮೇಲೆ ಮುಚ್ಚಿದ ರೆಪ್ಪೆ, ಆಮೇಲೆ ಕಿವಿಯ ಬುಡ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಅಷ್ಟಾದರೂ ಅಂದೇ ಒಂದು ಗೂಡಿಗೆ ಹಾಕಲಿಲ್ಲ. ತಾಸುಗಟ್ಟಲೆ ಅಟ್ಟಾಟವಿಲ್ಲದೆ ಇರುವುದನ್ನು ಒಂದು ವಾರ ನೋಡಿದೆ. ಹಳೆಯ ಗೂಡನ್ನು ವಿನಿಗರ್ ಬೆರೆಸಿದ ನೀರಲ್ಲಿ ತೊಳೆದು ಬಿಸಿಲಿಗಿಟ್ಟು, ಜಾಗ ಬದಲಿಸಿ, ಎರಡನ್ನೂ ಒಟ್ಟಿಗೇ ಒಳಗೆ ಬಿಟ್ಟೆ.

ನಮ್ಮ ಕಡೆಯವರಿಗೆ ಎರಡು ಮಾತು. ಆಷಾಢದ ಮಳೆಯಲ್ಲಿ ಇದಕ್ಕೆ ಕೈ ಹಾಕಬೇಡಿ, ಕರಡಕ್ಕೆ ಬೂಸಲು ಬರುತ್ತದೆ, ಅದನ್ನು ತಿಂದು ಹೊಟ್ಟೆ ಕೆಟ್ಟರೆ ಜೊತೆ ಮಾಡುವುದು ಎಲ್ಲಿಂದ? ಬೆಟ್ಟದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನೂ ತರಬೇಡಿ. ಅದು ಬೇರೆಯೇ ಪ್ರಾಣಿ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ.

ಜೊತೆಯಾದ ಮೇಲೆ ಒಂದನ್ನೇ ಎಲ್ಲಿಗೂ ಒಯ್ಯಬಾರದು. ಆಸ್ಪತ್ರೆಯ ವಾಸನೆ ಹೊತ್ತು ಬಂದದ್ದನ್ನು ಇನ್ನೊಂದು ಅಪರಿಚಿತ ಎಂದು ಅಟ್ಟಬಹುದು. ಕರಿಯನ ಹಲ್ಲು ತೋರಿಸಬೇಕಾದಾಗಲೆಲ್ಲ ಬೆಳ್ಳಿಯೂ ಅದೇ ಬುಟ್ಟಿಯಲ್ಲಿ ಬಸ್ಸು ಹತ್ತುತ್ತಾಳೆ.