ಕಾಲಿನ ಹೆಬ್ಬೆರಳಿನ ಗೌಟ್ ಅನ್ನು ಅಲ್ಟ್ರಾಸೌಂಡ್‌ನಲ್ಲಿ ಹುಡುಕುವುದು ಹೀಗೆ

ನಾನು ವಿರಾಜಪೇಟೆಯಲ್ಲಿ ಕೀಲುಗಳ ಸ್ಕ್ಯಾನ್ ಮಾಡುವ ಡಾಕ್ಟರ್. ಹೊಸದಾಗಿ ಪ್ರೋಬ್ (ಮೈಮೇಲೆ ಇಡುವ ಸ್ಕ್ಯಾನ್ ಉಪಕರಣ) ಹಿಡಿಯುವ ಡಾಕ್ಟರುಗಳಿಗೆ ಹೇಳಿಕೊಡುವ ಕ್ರಮ ಇದು. ಗೌಟ್ ಅಂದರೆ ಯೂರಿಕ್ ಆಸಿಡ್ ಹರಳಾಗಿ ಕೀಲಿನಲ್ಲಿ ಕೂತು ಬರುವ ಉರಿಯೂತ.

ಮಳೆಗಾಲದಲ್ಲಿ ತೋಟದವರು ಕಾಲು ಊದಿಸಿಕೊಂಡು ಬರುತ್ತಾರೆ. "ಗಂಬೂಟು ಹಾಕಲಿಕ್ಕೇ ಆಗ್ತಿಲ್ಲ ಡಾಕ್ಟ್ರೇ" ಅನ್ನುತ್ತಾರೆ. ಜಿಗಣೆ ಕಚ್ಚಿದ ಗಾಯ ನಂಜಾಗಿದೆಯೋ, ಗೌಟೋ? ರಕ್ತಪರೀಕ್ಷೆ ಒಂದನ್ನೇ ನಂಬಬೇಡಿ. ನೋವು ಕೆರಳಿದಾಗ ಯೂರಿಕ್ ಆಸಿಡ್ ಸರಿಯಾಗಿಯೇ ಬರಬಹುದು.

ಹೆಚ್ಚು ಫ್ರೀಕ್ವೆನ್ಸಿಯ ಲೀನಿಯರ್ ಪ್ರೋಬ್ ತಗೊಳ್ಳಿ, ಹೆಬ್ಬೆರಳಿಗೆ 12 ಮೆಗಾಹರ್ಟ್ಸ್‌ಗಿಂತ ಜಾಸ್ತಿ ಇರಲಿ. ಜೆಲ್ ಧಾರಾಳವಾಗಿ ಹಾಕಿ. ಊದಿದ ಬೆರಳನ್ನು ಒತ್ತಲೇಬಾರದು. ಒತ್ತಿದರೆ ರೋಗಿಗೆ ಜೀವ ಹೋದಂತಾಗುತ್ತದೆ, ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ಉರಿಯೂತವೂ ಕಾಣದೆ ಹೋಗುತ್ತದೆ.

ಪ್ರೋಬನ್ನು ಬೆರಳಿನ ಬುಡದ ಕೀಲಿನ ಮೇಲೆ ಉದ್ದಕ್ಕೆ ಇಡಿ, ಆಮೇಲೆ ಒಳಬದಿಗೆ ಸರಿಸಿ. ಮೂಳೆಯ ಬಿಳಿ ಗೆರೆ, ಅದರ ಮೇಲೆ ಕಾರ್ಟಿಲೇಜಿನ (ಮೂಳೆ ತುದಿಯ ನುಣುಪು ಹೊದಿಕೆ) ಕಪ್ಪು ಪಟ್ಟಿ ಕಾಣುತ್ತದೆ. ಆ ಪಟ್ಟಿಯ ಮೇಲ್ಮೈಯಲ್ಲಿ ಇನ್ನೊಂದು ಬಿಳಿ ಗೆರೆ ಇದೆಯಾ? ಅದೇ ಡಬಲ್ ಕಾಂಟೂರ್, ಅಂದರೆ ಜೋಡಿ ಗೆರೆ. ಯೂರೇಟ್ (ಯೂರಿಕ್ ಆಸಿಡಿನ) ಹರಳು ಕಾರ್ಟಿಲೇಜಿನ ಮೇಲೆ ಕೂತಿರುವ ಗುರುತು. ಇಲ್ಲಿ ಅವಸರ ಬೇಡ. ಪ್ರೋಬನ್ನು ನಿಧಾನವಾಗಿ ಆಚೀಚೆ ಓರೆ ಮಾಡಿ. ಬರೀ ಶಬ್ದದಲೆಯ ಪ್ರತಿಫಲನವಾದರೆ ಗೆರೆ ತೆಳ್ಳಗಿದ್ದು ಮಾಯವಾಗುತ್ತದೆ. ಹರಳಾದರೆ ಎಷ್ಟೇ ಓರೆ ಮಾಡಿದರೂ ಉಳಿಯುತ್ತದೆ. ಈ ಒಂದು ಕೆಲಸ ಬಿಟ್ಟರೆ ಇಡೀ ಸ್ಕ್ಯಾನೇ ಸುಮ್ನೆ.

ನೋವಿಲ್ಲದ ಇನ್ನೊಂದು ಕಾಲಿನ ಹೆಬ್ಬೆರಳನ್ನೂ ನೋಡಿ. ಹರಳು ಅಲ್ಲೂ ಕೂತಿರುವುದುಂಟು. ಇದೇ ಗೆರೆಗಾಗಿ ಮಂಡಿಯನ್ನೂ ನೋಡಿ: ಅದನ್ನು ಪೂರ್ತಿ ಮಡಚಿಸಿ, ಚಿಪ್ಪಿನ ಮೇಲ್ಭಾಗದಲ್ಲಿ ಪ್ರೋಬ್ ಅಡ್ಡ ಇಡಿ. ವಯಸ್ಸಾದವರಲ್ಲಿ ಬಿಳಿ ಚುಕ್ಕೆಗಳು ಕಾರ್ಟಿಲೇಜಿನ ಒಳಗೇ ಇದ್ದರೆ ಅದು ಗೌಟ್ ಅಲ್ಲ, ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳು. ಇದು ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್‌ನಲ್ಲೂ ಮಣಿಕಟ್ಟಿನಲ್ಲೂ ಸಿಗುತ್ತದೆ.

ಗೌಟ್ ಗುರುತಿಸಲು ಅಮೆರಿಕ–ಯುರೋಪ್ ಕೀಲುರೋಗ ಸಂಘಗಳು ಮಾಡಿದ 2015ರ ಮಾನದಂಡದಲ್ಲಿ ಡಬಲ್ ಕಾಂಟೂರ್‌ಗೆ 4 ಅಂಕ. ಗೌಟ್ ಅನ್ನಲು ಒಟ್ಟು 8 ಬೇಕು. ಜ್ವರವಿದ್ದರೆ, ಒಂದೇ ಕೀಲು ಕೆಂಪಾಗಿ ಬಿಸಿಯಾಗಿದ್ದರೆ, ಅಂಕ ಲೆಕ್ಕ ಹಾಕುತ್ತಾ ಕೂರಬೇಡಿ. ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕಿ ಕೀಲಿನ ನೀರು ತೆಗೆಯಿರಿ, ಅದೇ ದಿನ ಹರಳು ಪರೀಕ್ಷೆಗೂ ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೂ ಕಳಿಸಿ. ಗೌಟ್ ಮತ್ತು ಸೋಂಕು ಒಟ್ಟಿಗೇ ಇರಬಹುದು.

ಪಂದಿಕರಿ (ಹಂದಿ ಮಾಂಸದ ಸಾರು) ತಿಂದದ್ದಕ್ಕೇ ಹೀಗಾಯ್ತು ಅಂತ ಮನೆಯವರು ರೋಗಿಯನ್ನು ಬೈಯುತ್ತಾರೆ. ಊಟ, ಕುಡಿತ ನೋವನ್ನು ಕೆರಳಿಸುವುದು ನಿಜ. ಆದರೆ ಹೆಚ್ಚಿನವರಲ್ಲಿ ಮೂತ್ರಪಿಂಡ ಯೂರಿಕ್ ಆಸಿಡನ್ನು ಸಾಕಷ್ಟು ಹೊರಹಾಕುವುದಿಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿ ಆ ಗೆರೆ ತೋರಿಸಿ, ಔಷಧಿ ಯಾಕೆ ಬೇಕು ಅಂತ ಅರ್ಥವಾಗುತ್ತದೆ.

ರಕ್ತದಲ್ಲಿ ಯೂರಿಕ್ ಆಸಿಡ್ 6 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಕೆಳಗೇ ಇದ್ದರೆ ತಿಂಗಳುಗಳಲ್ಲಿ ಗೆರೆ ಕರಗುತ್ತಾ ಹೋಗುತ್ತದೆ. ಹೋಲಿಸಿ ನೋಡಲು ಮೊದಲ ದಿನದ ಚಿತ್ರ ಉಳಿಸಿಡಿ. ಯಾವ ಕಾಲು, ಯಾವ ಬದಿ ಅಂತ ಅದರ ಮೇಲೇ ಬರೆಯಿರಿ.