ಬೀದಿ ಬದಿಯ ಹಳೆಯ ಕಾರನ್ನು ಗುರುತಿಸುವುದು ಹೇಗೆ?

ವಿಂಟೇಜ್ ರ‍್ಯಾಲಿಯಲ್ಲಿ ನಿಂತ ರೋಲ್ಸ್ ರಾಯ್ಸ್ ನೋಡಲು ಕಣ್ಣು ಪಳಗಬೇಕಿಲ್ಲ. ಪಕ್ಕದಲ್ಲೇ ಹೆಸರು, ಇಸವಿ ಬರೆದ ಫಲಕ ಇರುತ್ತದೆ. ಬಸವನಗುಡಿಯ ಅಡ್ಡರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ, ಹರಿದ ಕವರ್ ಹೊದ್ದು ನಿಂತ ಮಾರುತಿ 1000 ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಗ ಕಾಣೆಯಾಗುವುದೂ ಅದೇ. ರೋಲ್ಸ್ ರಾಯ್ಸ್ ಕೆಟ್ಟರೆ ದುರಸ್ತಿ ಮಾಡಿಸುವವರು ಸಿಗುತ್ತಾರೆ, ಮಾರುತಿ 1000 ಕೆಟ್ಟರೆ ಗುಜರಿಯವನಿಗೆ ಫೋನ್ ಹೋಗುತ್ತದೆ. ಆದ್ದರಿಂದ ಈ ಲೇಖನ ಮಹಾರಾಜರ ಕಾರುಗಳ ಬಗ್ಗೆ ಅಲ್ಲ, ಮೇಷ್ಟ್ರು, ಎಂಜಿನಿಯರು, ಬ್ಯಾಂಕ್ ಮ್ಯಾನೇಜರು ಸಾಲ ಮಾಡಿ ಕೊಂಡು ಇನ್ನೂ ಇಟ್ಟುಕೊಂಡಿರುವ ಕಾರುಗಳ ಬಗ್ಗೆ.

ಯಾವ ಬೀದಿ, ಯಾವ ಹೊತ್ತು

ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಲ್ಲಿ ಒಂದು ಮನೆಗೆ ಒಂದು ಪಾರ್ಕಿಂಗ್. ಓಡದ ಕಾರಿಗೆ ಜಾಗ ಕೊಡುವವರಿಲ್ಲ. ಪೋರ್ಟಿಕೋ ಇರುವ ಸ್ವಂತ ಮನೆಗಳ ಬೀದಿ ಹಿಡಿಯಿರಿ. ಬೆಂಗಳೂರಲ್ಲಿ ಮಲ್ಲೇಶ್ವರ, ಬಸವನಗುಡಿ, ಜಯನಗರ, ರಾಜಾಜಿನಗರ, ಕಾಕ್ಸ್ ಟೌನ್. ಮೈಸೂರಲ್ಲಿ ಸರಸ್ವತಿಪುರಂ, ಯಾದವಗಿರಿ, ಜಯಲಕ್ಷ್ಮೀಪುರಂ. ಎಚ್ಎಎಲ್, ಬಿಇಎಲ್, ಐಟಿಐಯಂಥ ಸರ್ಕಾರಿ ಕಾರ್ಖಾನೆಗಳ ನೌಕರರು ನಿವೃತ್ತರಾಗಿ ಮನೆ ಕಟ್ಟಿಕೊಂಡ ಬಡಾವಣೆಗಳನ್ನು ಬಿಡಲೇಬೇಡಿ. ಯಂತ್ರದ ಕೆಲಸ ಗೊತ್ತಿದ್ದವರು ಕಾರನ್ನು ಸುಲಭಕ್ಕೆ ಕೈಬಿಡುವುದಿಲ್ಲ.

ನಮ್ಮಲ್ಲಿ ಹಳೆಯ ಕಾರು ಉಳಿಯಲು ಇನ್ನೂ ಎರಡು ಕಾರಣಗಳಿವೆ. ಮೊದಲನೆಯದು ಹವೆ. ಬೆಂಗಳೂರು, ಮೈಸೂರುಗಳ ಒಣ ಗಾಳಿ ತಗಡನ್ನು ಬೇಗ ತಿನ್ನುವುದಿಲ್ಲ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಬಾಗಿಲ ತಳ ಮೊದಲು ಹೋಗುತ್ತದೆ. ಅಲ್ಲಿ ಗಟ್ಟಿಮುಟ್ಟಾದ ಹಳೆಯ ಕಾರು ಕಂಡರೆ ಅದು ಷೆಡ್ಡಿನಲ್ಲೇ ಬೆಳೆದದ್ದು ಎಂದುಕೊಳ್ಳಿ. ಎರಡನೆಯದು ಕಾನೂನು. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ಬಂದಂಥ ತಡೆ ಇಲ್ಲಿಲ್ಲ. 15 ವರ್ಷವಾದ ಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸುತ್ತಾ ಹೋಗಬಹುದು.

ಹೊರಡಲು ಭಾನುವಾರ ಬೆಳಿಗ್ಗೆ ಏಳರ ಹೊತ್ತು ಒಳ್ಳೆಯದು. ಗೇಟು ತೆರೆದು ರಂಗೋಲಿ ಹಾಕುವ, ಕಾರು ಒರೆಸುವ ಸಮಯ ಅದು. ಮುಖ್ಯರಸ್ತೆ ಸಾಕು ಎಂದುಕೊಳ್ಳಬೇಡಿ. ಮಲ್ಲೇಶ್ವರ ಮತ್ತು ಮೈಸೂರಿನಲ್ಲಿ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳಿಗೂ ನುಗ್ಗಿ. ಮನೆಯ ಮುಂದೆ ಹೊಸ ಕಾರು, ಹಿಂದಿನ ಷೆಡ್ಡಿನಲ್ಲಿ ಅಪ್ಪನ ಕಾರು ಎಂಬುದು ಎಲ್ಲೆಡೆ ಕಾಣುವ ವ್ಯವಸ್ಥೆ.

ದೂರದಿಂದ ಆಕಾರ, ಹತ್ತಿರದಿಂದ ಮುಖ

ಕವರ್ ಹೊದ್ದಿದ್ದರೂ ಬೆನ್ನು ಗುಟ್ಟು ಬಿಟ್ಟುಕೊಡುತ್ತದೆ. ಗುಂಡು ಚಾವಣಿ, ಉಬ್ಬಿದ ಮಡ್‌ಗಾರ್ಡ್ ಇದ್ದರೆ ಅಂಬಾಸಿಡರ್. ಹಿಂಭಾಗದ ಎರಡೂ ಅಂಚು ರೆಕ್ಕೆಯಂತೆ ಮೇಲೆದ್ದು, ಗಾತ್ರ ಚಿಕ್ಕದಿದ್ದರೆ ಪ್ರೀಮಿಯರ್ ಪದ್ಮಿನಿ. ಬಾನೆಟ್ಟೂ ಉದ್ದ, ಡಿಕ್ಕಿಯೂ ಉದ್ದ ಎಂದರೆ ಕಾಂಟೆಸ್ಸಾ.

ಅಂಬಾಸಿಡರ್ ಕಂಡು ‘ಓ, ಅಂಬಿ’ ಎಂದು ಮುಂದೆ ಹೋಗಿಬಿಟ್ಟರೆ ಅರ್ಧ ಆಟ ಕಳೆದುಕೊಂಡಂತೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಿಂದ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ಶುರುವಾದ ಈ ಕಾರು 2014ರ ಮೇ ತಿಂಗಳವರೆಗೆ ಬಂತು. ಅಷ್ಟು ಕಾಲ ಒಂದೇ ಮೈ, ಬದಲಾದದ್ದು ಮುಖ. ಗ್ರಿಲ್‌ನಲ್ಲಿ ಚದುರಂಗದ ಮಣೆಯಂತೆ ಒತ್ತೊತ್ತಾದ ಸಣ್ಣ ಚೌಕಗಳಿದ್ದರೆ 1960ರ ದಶಕದ ಆರಂಭದಲ್ಲಿ ಬಂದ ಮಾರ್ಕ್ 2. ಅಡ್ಡಪಟ್ಟಿಗಳಿದ್ದು, ಇಂಡಿಕೇಟರ್ ದುಂಡಗೆ ಬೇರೆಯಾಗಿ ಕೂತಿದ್ದರೆ 1975ರ ಮಾರ್ಕ್ 3. ಗ್ರಿಲ್ ಕಿರಿದಾಗಿ, ಚೌಕಗಳು ದೊಡ್ಡದಾಗಿ, ಪಾರ್ಕ್ ಲೈಟು ಆಯತವಾಗಿದ್ದರೆ 1979ರ ಮಾರ್ಕ್ 4. ಡಿಕ್ಕಿಯ ಮೇಲೆ ‘1800 ಐಎಸ್‌ಜೆಡ್’ ಎಂಬ ಬರಹ ಇದ್ದರೆ 90ರ ದಶಕದ್ದು, ಇಸುಜು ಎಂಜಿನ್ನಿನದು. ಒಂದು ಎಚ್ಚರ: ಗ್ಯಾರೇಜಿನವರು ಕೈಗೆ ಸಿಕ್ಕ ಗ್ರಿಲ್ ಹಾಕುತ್ತಾರೆ. ಮಾರ್ಕ್ 3ರ ಮೈಗೆ ಮಾರ್ಕ್ 4ರ ಮುಖ ಸಾಮಾನ್ಯ. ಹಾಗಾಗಿ ಕಿಟಕಿಯಿಂದ ಒಳಗೂ ಇಣುಕಿ. ಗೇರ್ ಕೋಲು ಸ್ಟೇರಿಂಗ್ ಪಕ್ಕದಲ್ಲಿದ್ದು ಮುಂದಿನ ಸೀಟು ಉದ್ದ ಬೆಂಚಾಗಿದ್ದರೆ ಹಳೆಯ ಕ್ರಮದ್ದು. ಗೇರ್ ನೆಲಕ್ಕಿಳಿದಿದ್ದರೆ ಈಚಿನದು, ಇಲ್ಲವೇ ಬದಲಾಯಿಸಿದ್ದು. ಗಾಜಿಗೆ ಮೂಗು ಒತ್ತಬೇಡಿ, ಮನೆಯವರು ನೋಡುತ್ತಿರುತ್ತಾರೆ.

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಎಂದು ಹೆಸರು ಬದಲಿಸಿತು. 1950ರ ದಶಕದ ಫಿಯೆಟ್‌ನಲ್ಲಿ ಮುಂದಿನ ಬಾಗಿಲಿನ ಹಿಡಿ ಮುಂಭಾಗದಲ್ಲಿದೆ, ಕೀಲು ಮುಂದಿನ-ಹಿಂದಿನ ಬಾಗಿಲುಗಳ ನಡುವಿನ ಕಂಬದಲ್ಲಿದೆ. ಬಾಗಿಲು ಎದುರು ಗಾಳಿಗೆ ತೆರೆಯುತ್ತದೆ. ಅಂಥದ್ದು ಬೀದಿಯಲ್ಲಿ ಕಂಡರೆ ಆ ದಿನದ ಸುತ್ತಾಟ ಸಾರ್ಥಕ.

ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೂ ವಿರಳ. ಇದರ ಬಾನೆಟ್ ಮತ್ತು ಎರಡೂ ಮುಂದಿನ ಮಡ್‌ಗಾರ್ಡ್ ಒಂದೇ ತುಂಡು. ಇಡೀ ಮೂತಿ ಮುಂದಕ್ಕೆ ಬಾಗಿ ತೆರೆಯುತ್ತದೆ. ಗುರುತು ಎಲ್ಲಿ ಗೊತ್ತೇ? ಬಾಗಿಲಿನ ಮುಂದೆ, ಎರಡೂ ಪಕ್ಕದಲ್ಲಿ ಒಂದೊಂದು ಚಿಲಕ. 1961ರಲ್ಲಿ ಎರಡು ಬಾಗಿಲಿನ ಕಾರಾಗಿ ಬಂದು, 1968ರ ಹೊತ್ತಿಗೆ ಮಾರ್ಕ್ 3ರಲ್ಲಿ ನಾಲ್ಕು ಬಾಗಿಲಾಯಿತು.

ನಮ್ಮೂರಿನದೇ ಒಂದಿದೆ. ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್, 1982ರಲ್ಲಿ ಬಂದದ್ದು. ಇಂಗ್ಲೆಂಡಿನ ರಿಲಯಂಟ್ ಕಿಟನ್‌ನ ಅಚ್ಚು, 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್‌ಗ್ಲಾಸ್. ಮರುವರ್ಷವೇ ಮಾರುತಿ ಬಂದು ಅದರ ಮಾರುಕಟ್ಟೆ ತಿಂದಿತು. ಗುರುತಿಸಲು ಮುಟ್ಟಬೇಕಿಲ್ಲ: ಎಷ್ಟೇ ಹಳತಾದರೂ ಮೈ ತುಕ್ಕು ಹಿಡಿದಿರುವುದಿಲ್ಲ, ಬದಲಿಗೆ ಬಣ್ಣದಲ್ಲಿ ಬಾಗಿಲ ಮೂಲೆಯಿಂದ ಕೂದಲೆಳೆಯ ಬಿರುಕುಗಳು ಹರಡಿರುತ್ತವೆ.

ಕಣ್ಣಿಗೆ ತಾಲೀಮು ಬೇಕೆನಿಸಿದರೆ ಶ್ರೀರಂಗಪಟ್ಟಣದ ಬಳಿ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಮ್ಯೂಸಿಯಂನಲ್ಲಿ ಅರ್ಧ ದಿನ ಕಳೆಯಿರಿ. ಅಲ್ಲಿ ಗ್ರಿಲ್, ದೀಪ, ಬಂಪರ್ ನೋಡಿಕೊಂಡು ಬಂದವರಿಗೆ ಬೀದಿ ಬೇರೆಯೇ ಕಾಣುತ್ತದೆ.

ನಂಬರ್ ಪ್ಲೇಟಿನಲ್ಲಿ ವಯಸ್ಸು

‘ಕೆಎ’ ಶುರುವಾದದ್ದು 1989ರ ಜುಲೈ 1ರಿಂದ, ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದಾಗ. ಅದಕ್ಕೂ ಮುಂಚಿನವು ಎಂವೈ, ಎಂಇ, ಸಿಎ ಎಂದೆಲ್ಲ ಶುರುವಾಗುವ ಮೂರಕ್ಷರದ ನಂಬರುಗಳು. ಅಂಥ ಪ್ಲೇಟು ಕಂಡರೆ ಕಾರು 1989ಕ್ಕಿಂತ ಹಳೆಯದು, ನಮ್ಮ ರಾಜ್ಯದಲ್ಲೇ ನೋಂದಣಿಯಾದದ್ದು. ಕೆಎ ಇದ್ದರೂ, 05ರಂಥ ಆರ್‌ಟಿಒ ಸಂಖ್ಯೆಯ ನಂತರ ಎಂ, ಎನ್, ಪಿ, ಜೆಡ್‌ನಲ್ಲಿ ಒಂದೇ ಅಕ್ಷರ ಇದ್ದರೆ ಅದೂ ಹಳಬನೇ, ಎರಡಕ್ಷರ ಆಮೇಲಿನದು. 05 ಜಯನಗರ, 02 ರಾಜಾಜಿನಗರ, 09 ಮೈಸೂರು, 12 ಕೊಡಗು, 19 ಮಂಗಳೂರು. ಜಯನಗರದಲ್ಲಿ ನಿಂತ ಕಾರಿಗೆ 05 ಇದ್ದರೆ, ಬಹುಶಃ ಮೊದಲ ಮಾಲೀಕರೇ ಇನ್ನೂ ಓಡಿಸುತ್ತಿದ್ದಾರೆ. ಹೊರರಾಜ್ಯದ ಕಾರು ಇಲ್ಲಿಗೆ ಬಂದು ಮರುನೋಂದಣಿಯಾಗಿದ್ದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಕಾರು ಹಳೆಯದು, ನಂಬರು ಹೊಸದು.

ಹಿಂದಿನ ಗಾಜಿನ ಮೂಲೆಯಲ್ಲಿ ಮಾಸಿದ ಡೀಲರ್ ಸ್ಟಿಕ್ಕರ್ ಇದೆಯೇ ನೋಡಿ. ಅದರಲ್ಲಿನ ಫೋನ್ ನಂಬರಿನ ಅಂಕಿ ಎಣಿಸಿದರೆ ಕಾರಿನ ಕಾಲ ತಿಳಿಯುತ್ತದೆ. ಬೆಂಗಳೂರಿನ ಫೋನ್ ನಂಬರ್ ಮೊದಲು ಆರಂಕಿ ಇತ್ತು, ಆಮೇಲೆ ಏಳಾಯಿತು, 2000ದ ದಶಕದ ಆರಂಭದಲ್ಲಿ ಮುಂದೊಂದು 2 ಸೇರಿ ಎಂಟಾಯಿತು. ನನಗೆ ಅತಿ ಇಷ್ಟವಾದ ಸುಳಿವು ಇದೇ. ಪ್ಲೇಟು ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ, ಈ ಸ್ಟಿಕ್ಕರ್ ಕೀಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಓಡುತ್ತದೋ, ನಿಂತೇಬಿಟ್ಟಿದೆಯೋ

ಟೈರಿನ ಪಕ್ಕ ಅಂಡಾಕಾರದ ಗೆರೆಯೊಳಗೆ ನಾಲ್ಕಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದ ಟೈರು. ಹೊಸ ಟೈರು ಹಾಕಿಸಿದ್ದಾರೆಂದರೆ ಕಾರು ಓಡಾಡುತ್ತಿದೆ. ವೈಪರ್ ಬುಡದಲ್ಲಿ ಎಲೆ ಕೊಳೆತು ಮಣ್ಣಾಗಿದ್ದರೆ, ಚಕ್ರಕ್ಕೆ ಕೊಟ್ಟ ಕಲ್ಲಿನ ಸುತ್ತ ಹುಲ್ಲು ಬೆಳೆದಿದ್ದರೆ ಓಡಿ ಬಹುಕಾಲವಾಗಿದೆ. ಮಳೆ ನಿಂತ ಮೇಲೆ ಹೋದರೆ ಇನ್ನೂ ಸುಲಭ: ಕಾರಿಲ್ಲದ ಜಾಗದಲ್ಲಿ ಒಣ ಆಯತ ಕಂಡರೆ ಈಗಷ್ಟೇ ಹೊರಗೆ ಹೋಗಿದೆ, ಕಾದರೆ ಬರುತ್ತದೆ.

90ರ ದಶಕವನ್ನು ಮರೆಯಬೇಡಿ

ಅಂಬಾಸಿಡರ್, ಪದ್ಮಿನಿಗೆ ಅಭಿಮಾನಿಗಳಿದ್ದಾರೆ. ಯಾರೂ ಕಣ್ಣೆತ್ತಿ ನೋಡದೆ ಕರಗುತ್ತಿರುವುದು ಆಮೇಲಿನ ಪೀಳಿಗೆ. ಫಿಯೆಟ್ 124ರ ಮೈಗೆ ನಿಸಾನ್ ಎಂಜಿನ್ ಕೂರಿಸಿದ ಪ್ರೀಮಿಯರ್ 118 ಎನ್ಇ, ಪಕ್ಕದ ಗಾಜು ಚಾವಣಿಯವರೆಗೆ ಬಾಗಿದ 1991ರ ಟಾಟಾ ಸಿಯೆರಾ, ಟಾಟಾ ಎಸ್ಟೇಟ್, ಡೇವೂ ಸಿಯೆಲೊ, ಓಪೆಲ್ ಆಸ್ಟ್ರಾ, ಫಿಯೆಟ್ ಊನೊ. ಬಿಡಿಭಾಗ ಸಿಗದೆ ಗುಜರಿಗೆ ಹೋದವೇ ಹೆಚ್ಚು. ಮಾರುತಿ 800ರಲ್ಲೂ 1983ರ ಡಿಸೆಂಬರ್‌ನಿಂದ 1986ರವರೆಗಿನ ಚೌಕಾಕಾರದ ಮೊದಲ ಮಾದರಿ ಕಂಡರೆ ನಿಲ್ಲಿ. 800 ಊರ ತುಂಬ ಇತ್ತು ಎಂಬ ಕಾರಣಕ್ಕೇ ಆ ಮಾದರಿಯನ್ನು ಜೋಪಾನ ಮಾಡಿದವರು ಕಡಿಮೆ.

ಮಾತಾಡಿಸುವಾಗ

ಗೇಟಿನೊಳಗೆ ಕಾಲಿಡಬೇಡಿ, ಕವರ್ ಎತ್ತಬೇಡಿ. ಮನೆಯವರು ಕಂಡರೆ ‘ನಮಸ್ಕಾರ ಸಾರ್, ಯಾವ ಮಾಡೆಲ್ ಇದು? ಚೆನ್ನಾಗಿ ಇಟ್ಕೊಂಡಿದ್ದೀರಿ’ ಎಂದರೆ ಸಾಕು, ಕಾಫಿಯವರೆಗೂ ಮಾತು ಹೋಗಬಹುದು. ‘ಮಾರ್ತೀರಾ?’ ಎಂದಿರೋ, ಮುಗಿಯಿತು. ಆ ಪ್ರಶ್ನೆ ಕೇಳುವ ದಲ್ಲಾಳಿಗಳಿಂದ ಅವರಿಗೆ ಸಾಕಾಗಿರುತ್ತದೆ. ಎಷ್ಟೋ ಮನೆಗಳಲ್ಲಿ ಓಡಿಸುತ್ತಿದ್ದವರು ಈಗಿಲ್ಲ. ಕಾರಿನ ಕಥೆ ಗೊತ್ತಿರುವುದು ಅಮ್ಮನವರಿಗೆ. ಆತುರ ಮಾಡದೆ ಕೇಳಿಸಿಕೊಳ್ಳಿ.

ಫೋಟೊಗೆ ಅನುಮತಿ ಕೇಳಿ. ಜಾಲತಾಣಕ್ಕೆ ಹಾಕುವುದಾದರೆ ನಂಬರ್ ಮರೆಮಾಚಿ, ಬೀದಿಯ ಹೆಸರು ಬರೆಯಬೇಡಿ. ಹಳೆಯ ಕಾರಿನ ಲಾಂಛನ, ವೀಲ್ ಕ್ಯಾಪ್ ಕದ್ದು ಮಾರುವವರಿದ್ದಾರೆ.

ಕಾರು 50 ವರ್ಷ ದಾಟಿದ್ದರೆ ಮಾಲೀಕರೇ ಒಂದು ಮಾತು ಕೇಳಬಹುದು: ‘ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬೇಕಾ?’ 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಮೂಲರೂಪ ಕೆಡದ ಗಾಡಿಗೆ ಇದು ಸಾಧ್ಯ. ಹೊಸದಾಗಿ ನೋಂದಣಿ ಮಾಡಿಸುವ ಗಾಡಿಗೆ ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಈಗಾಗಲೇ ನೋಂದಣಿಯಾಗಿರುವುದು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. ಗಾಂಧಿ ಬಜಾರಿಗೆ ಹೋಗಿ ತರಕಾರಿ ತರುವ ಹೆರಾಲ್ಡ್‌ನ ಯಜಮಾನರಿಗೆ ನಾನಾದರೆ ಈಗಿನ ಆರ್‌ಸಿಯನ್ನೇ ನವೀಕರಿಸಿಕೊಂಡು ಹೋಗಿ ಎನ್ನುತ್ತೇನೆ.