ಇವತ್ತು ಎಲ್ಲೆಲ್ಲಿ ಆಟ: ಪಿಎಚ್‌ಪಿ ಅರೇಯನ್ನು ಸಾಲು ಸಾಲಾಗಿ ಓದಿದ ನನ್ನ ಅನುಭವ

ನಮ್ಮ ಉಡುಪಿ ಕಡೆ ನವೆಂಬರ್ ಬಂತೆಂದರೆ ಯಕ್ಷಗಾನ ಮೇಳಗಳ ತಿರುಗಾಟ ಶುರು. ಮೇ ಕೊನೆಗೆ ಪತ್ತನಾಜೆ (ತಿರುಗಾಟ ಮುಗಿಯುವ ದಿನ) ಬರುವವರೆಗೂ ದಿನಾ ಒಂದಲ್ಲ ಒಂದು ಊರಲ್ಲಿ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಇದ್ದೇ ಇರುತ್ತದೆ. ‘ಇವತ್ತು ಎಲ್ಲಿ ಆಟ?’ ಎಂದು ಕೇಳುವವರಿಗೆ ವಾಟ್ಸಾಪ್‌ನಲ್ಲಿ ಪಟ್ಟಿ ಓಡಾಡುತ್ತದೆ. ಆ ಪಟ್ಟಿಯನ್ನು ಒಂದು ವೆಬ್ ಪುಟದಲ್ಲಿ ಟೇಬಲ್ ಆಗಿ ತೋರಿಸುವ ಕೆಲಸವನ್ನು ಇಲ್ಲಿನ ಅಭಿಮಾನಿ ಬಳಗವೊಂದಕ್ಕೆ ಮಾಡಿಕೊಟ್ಟೆ. ಬಳಗದ ಹಿರಿಯರೊಬ್ಬರು ಮೆಸೇಜನ್ನು ಇದ್ದ ಹಾಗೇ ತಂದು ಒಂದು ಬಾಕ್ಸಿಗೆ ಪೇಸ್ಟ್ ಮಾಡುತ್ತಾರೆ. ಉಳಿದದ್ದನ್ನು ವೆಬ್ ಸರ್ವರಿನಲ್ಲಿ ಓಡುವ ಪ್ರೋಗ್ರಾಂ ಭಾಷೆ ಪಿಎಚ್‌ಪಿ ನೋಡಿಕೊಳ್ಳಬೇಕು.

ಬರುವ ಸಾಲುಗಳು ಸುಮಾರು ಹೀಗಿರುತ್ತವೆ (ಊರು, ಹೊತ್ತು ಸುಮ್ನೆ ಉದಾಹರಣೆಗೆ):

ಕಟೀಲು 1ನೇ ಮೇಳ - ಕಾಪು - ೬.೩೦
ಮಂದಾರ್ತಿ 2ನೇ ಮೇಳ - ಬ್ರಹ್ಮಾವರ - 9.30 - ಪ್ರಸಂಗದ ಹೆಸರು

ಮೇಳ, ಊರು, ಹೊತ್ತು, ಪ್ರಸಂಗ (ಆಡುವ ಕಥೆ). ನಾಲ್ಕು ತುಂಡು. ನಾಲ್ಕನೆಯದು ಕೆಲವು ಸಾಲಲ್ಲಿ ಇರುವುದಿಲ್ಲ. ಕೇಳಿದರೆ, ‘ಪ್ರಸಂಗ ಇನ್ನೂ ತೀರ್ಮಾನ ಆಗಿಲ್ಲ ಮಾರಾಯ್ರೆ’ ಎಂಬ ಉತ್ತರ ಬರುತ್ತದೆ. ಅಂಕಿಗಳನ್ನೂ ನೋಡಿ. ಒಂದೇ ಮೆಸೇಜಿನಲ್ಲಿ ಕನ್ನಡ ಅಂಕಿಯೂ ಇದೆ, ಇಂಗ್ಲಿಷ್ ಅಂಕಿಯೂ ಇದೆ.

ಇಂಥ ಪಠ್ಯದಿಂದ ಬೇಕಾದ್ದನ್ನೆಲ್ಲ ಒಂದೇ ಸಲ ಎತ್ತಿಕೊಡುವ ಫಂಕ್ಷನ್ ‘ಪ್ರೆಗ್ ಮ್ಯಾಚ್ ಆಲ್’. ಪ್ಯಾಟರ್ನ್ (ಯಾವ ಥರದ ಸಾಲು ಹುಡುಕಬೇಕು ಎಂದು ಹೇಳುವ ಸೂತ್ರ) ಮತ್ತು ಪಠ್ಯ ಕೊಟ್ಟರೆ ಸಿಕ್ಕಿದ್ದನ್ನೆಲ್ಲ ಮೂರನೇ ಜಾಗದಲ್ಲಿ ಕೊಟ್ಟ ವೇರಿಯಬಲ್‌ಗೆ ತುಂಬುತ್ತದೆ. ಆಮೇಲೆ ಅದನ್ನು ಲೂಪ್ ಮಾಡುವುದು, ಅಂದರೆ ಒಂದೊಂದಾಗಿ ಓದುತ್ತಾ ಹೋಗುವುದು. ಹೊಸದಾಗಿ ಕಲಿಯುವ ಹುಡುಗರು ಸಿಕ್ಕಿಬೀಳುವುದು ಪ್ಯಾಟರ್ನ್‌ನಲ್ಲಿ ಅಲ್ಲ, ಈ ಲೂಪ್‌ನಲ್ಲಿ. ಕಾರಣ ಇಷ್ಟೇ: ತುಂಬಿ ಬಂದ ಅರೇ (ನಂಬರು ಅಥವಾ ಹೆಸರು ಹಾಕಿದ ಮನೆಗಳ ಪಟ್ಟಿ) ಹೇಗೆ ಜೋಡಿಸಿಕೊಂಡಿದೆ ಎಂದು ನೋಡದೆ ಲೂಪ್ ಬರೆಯುತ್ತಾರೆ.

ನಾವೇನೂ ಹೇಳದಿದ್ದರೆ ಅದು ‘ಪ್ಯಾಟರ್ನ್ ಆರ್ಡರ್’ನಲ್ಲಿ ಜೋಡಿಸುತ್ತದೆ. 0ನೇ ಮನೆಯಲ್ಲಿ ಹೊಂದಿಕೆಯಾದ ಪೂರ್ತಿ ಸಾಲುಗಳು. 1ನೇ ಮನೆಯಲ್ಲಿ ಎಲ್ಲ ಮೇಳಗಳ ಹೆಸರು. 2ರಲ್ಲಿ ಎಲ್ಲ ಊರು. 3ರಲ್ಲಿ ಎಲ್ಲ ಹೊತ್ತು. 4ರಲ್ಲಿ ಎಲ್ಲ ಪ್ರಸಂಗ. ಅಂದರೆ ಸಿಗುವುದು ಕಾಲಂಗಳು. ಇದರ ಮೇಲೆ ನೇರವಾಗಿ ಪಿಎಚ್‌ಪಿಯ ಲೂಪ್ ಆದ ಫೋರ್‌ಈಚ್ ಓಡಿಸಿದರೆ ಅದು ಮೇಳಕ್ಕೊಂದು ಸಲ ತಿರುಗುವುದಿಲ್ಲ, ಕಾಲಂಗೊಂದು ಸಲ ತಿರುಗುತ್ತದೆ. ಇಪ್ಪತ್ತು ಆಟ ಇದ್ದರೂ ಲೂಪ್ ಓಡುವುದು ಐದೇ ಸಲ: ಪೂರ್ತಿ ಸಾಲಿಗೆ ಒಂದು, ನಾಲ್ಕು ತುಂಡಿಗೆ ನಾಲ್ಕು. ತುಂಡುಗಳಿಗೆ ಹೆಸರು ಕೊಟ್ಟಿದ್ದರೆ ಒಂಬತ್ತು ಸಲ, ಯಾಕೆಂದರೆ ಹೆಸರಿಟ್ಟ ತುಂಡು ಹೆಸರಿನಲ್ಲೂ ಬರುತ್ತದೆ, ನಂಬರಿನಲ್ಲೂ ಬರುತ್ತದೆ. ಪುಟದಲ್ಲಿ ಎಲ್ಲ ಎರಡೆರಡು ಸಲ ಕಾಣುತ್ತಿದೆ ಎಂದು ಗಾಬರಿಯಾಗುವವರು ಮೊದಲು ಇದನ್ನು ನೋಡಬೇಕು.

ನನಗೆ ಬೇಕಾಗಿದ್ದು ಸಾಲು. ಒಂದು ಆಟ, ಒಂದು ಸಾಲು. ಅದಕ್ಕೆ ನಾಲ್ಕನೇ ಜಾಗದಲ್ಲಿ ‘ಪ್ರೆಗ್ ಸೆಟ್ ಆರ್ಡರ್’ ಎಂದು ಕೊಟ್ಟೆ. ಈಗ 0ನೇ ಮನೆಯಲ್ಲಿ ಮೊದಲ ಆಟದ ಎಲ್ಲ ವಿವರ, 1ನೇ ಮನೆಯಲ್ಲಿ ಎರಡನೇ ಆಟದ್ದು. ಒಂದೇ ಫೋರ್‌ಈಚ್ ಸಾಕು. ಒಳಗೆ ಇನ್ನೊಂದು ಲೂಪ್ ಬೇಡ, ಎಣಿಕೆ ಇಟ್ಟುಕೊಂಡು ನಾಲ್ಕು ಅರೇಗಳಲ್ಲಿ ಒಂದೇ ನಂಬರ್ ಹುಡುಕುವ ಕಷ್ಟವೂ ಬೇಡ. ಊರುಗಳ ಪಟ್ಟಿ ಮಾತ್ರ ಬೇಕೆಂದರೆ ‘ಅರೇ ಕಾಲಂ’ ಫಂಕ್ಷನ್ ಅದೇ ಅರೇಯಿಂದ ಎತ್ತಿಕೊಡುತ್ತದೆ. ಪುಟದಲ್ಲಿ ಹೇಗೆ ಕಾಣಬೇಕೋ ಅದೇ ಆಕಾರದಲ್ಲಿ ಅರೇ ತರಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಕಾರ ಸರಿಯಿದ್ದರೆ ಲೂಪ್‌ನಲ್ಲಿ ಯೋಚನೆ ಮಾಡುವಂಥದ್ದು ಏನೂ ಉಳಿಯುವುದಿಲ್ಲ.

ಒಂದು ಎಚ್ಚರ ಬೇಕು. ಸೆಟ್ ಆರ್ಡರ್‌ನಲ್ಲಿ ಕೊನೆಯ ತುಂಡು ಹೊಂದಿಕೆಯಾಗದಿದ್ದರೆ ಆ ಮನೆಯೇ ಇರುವುದಿಲ್ಲ. ಪ್ಯಾಟರ್ನ್ ಆರ್ಡರ್ ಆದರೆ ಅಲ್ಲಿ ಖಾಲಿ ಸ್ಟ್ರಿಂಗ್ ಇಟ್ಟಿರುತ್ತದೆ. ಪ್ರಸಂಗ ಬರೆಯದ ಸಾಲಿನಲ್ಲಿ ಪ್ರಸಂಗವನ್ನು ಕೇಳಿದರೆ ಪಿಎಚ್‌ಪಿ 8 ‘ಇಂಥ ಕೀ (ಮನೆಯ ಗುರುತು) ಇಲ್ಲ’ ಎಂದು ವಾರ್ನಿಂಗ್ ಕೊಡುತ್ತದೆ. ಪಿಎಚ್‌ಪಿ 7ರಿಂದ ಇರುವ ?? ಚಿಹ್ನೆ ಹಾಕಿ, ಇಲ್ಲದಿದ್ದರೆ ಒಂದು ಗೆರೆ ತೋರಿಸುವಂತೆ ಮಾಡಿದ್ದೇನೆ.

ಇನ್ನು ಕನ್ನಡದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಅಕ್ಷರಚಿಹ್ನೆಗೆ ಮೂರು ಬೈಟ್. ಪ್ಯಾಟರ್ನ್‌ನ ಕೊನೆಗೆ ಯು ಫ್ಲ್ಯಾಗ್ (ಯುನಿಕೋಡ್ ಆಗಿ ಓದು ಎಂಬ ಗುರುತು) ಹಾಕದಿದ್ದರೆ ಪಿಎಚ್‌ಪಿ ನೋಡುವುದು ಬರೀ ಬೈಟ್‌ಗಳನ್ನು. ಯು ಹಾಕಿದರೂ ಊರಿನ ಹೆಸರಿಗೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (\w, ಪದದ ಅಕ್ಷರಗಳನ್ನು ಹಿಡಿಯುವ ಗುರುತು) ನೆಚ್ಚಿಕೊಳ್ಳಬಾರದು. ‘ಕಾಪು’ ತೆಗೆದುಕೊಳ್ಳಿ. ಕಂಪ್ಯೂಟರ್ ಲೆಕ್ಕದಲ್ಲಿ ಅದು ನಾಲ್ಕು ಚಿಹ್ನೆ: ಕ, ಅದರ ದೀರ್ಘ, ಪ, ಅದರ ಕೊಂಬು. ದೀರ್ಘ ಮತ್ತು ಕೊಂಬು ಯುನಿಕೋಡ್‌ನಲ್ಲಿ ‘ಅಕ್ಷರ’ ಅಲ್ಲ, ‘ಮಾರ್ಕ್’. ಹಾಗಾಗಿ ಡಬ್ಲ್ಯೂ ಅವುಗಳ ಹತ್ತಿರ ನಿಂತುಬಿಡುತ್ತದೆ. ಕಾಪು ಹೋಗಿ ಕ ಒಂದು ಹೊಂದಿಕೆ, ಪ ಇನ್ನೊಂದು ಹೊಂದಿಕೆ ಆಗುತ್ತದೆ. ಲೆಟರ್ ಮತ್ತು ಮಾರ್ಕ್ ಎರಡೂ ಗುಂಪುಗಳನ್ನು ಸೇರಿಸಿ ಕೊಟ್ಟರೆ ಹೆಸರು ಇಡಿಯಾಗಿ ಬರುತ್ತದೆ. ನಾನಂತೂ ಇನ್ನೂ ಸರಳ ದಾರಿ ಹಿಡಿದೆ: ಎರಡೂ ಕಡೆ ಸ್ಪೇಸ್ ಇರುವ ಗೆರೆ ಸಿಗುವವರೆಗೆ ಏನಿದ್ದರೂ ತೆಗೆದುಕೋ ಎಂದೆ. ಕೆಲವು ಫೋನ್‌ಗಳು ಚಿಕ್ಕ ಗೆರೆಯನ್ನು ಉದ್ದ ಗೆರೆ ಮಾಡುತ್ತವೆ, ಅದಕ್ಕೆ ಎರಡನ್ನೂ ಒಪ್ಪಿಕೊಂಡೆ.

ಅಂಕಿಗೆ ಬರೋಣ. ಪಿಎಚ್‌ಪಿಯಲ್ಲಿ ಯು ಫ್ಲ್ಯಾಗ್ ಇದ್ದಾಗ ಬ್ಯಾಕ್‌ಸ್ಲ್ಯಾಶ್ ಡಿ (\d, ಅಂಕಿ ಹಿಡಿಯುವ ಗುರುತು) ಕನ್ನಡ ಅಂಕಿಯನ್ನೂ ಹಿಡಿಯುತ್ತದೆ. ಒಳ್ಳೆಯದೇ. ಆದರೆ ಹಿಡಿದ ೬.೩೦ ಅನ್ನು ಸಂಖ್ಯೆ ಮಾಡಲು ಹೋದರೆ ಸದ್ದಿಲ್ಲದೆ 0 ಆಗುತ್ತದೆ. ಹೊತ್ತಿನ ಪ್ರಕಾರ ಜೋಡಿಸಿದರೆ ಕನ್ನಡದಲ್ಲಿ ಬರೆದ ಆಟಗಳೆಲ್ಲ ಮೇಲೆ ಹೋಗಿ ಕೂರುತ್ತವೆ. ಲೂಪ್‌ನ ಒಳಗೆ ‘ಎಸ್‌ಟಿಆರ್‌ಟಿಆರ್’ ಫಂಕ್ಷನ್‌ನಿಂದ ಮೊದಲು ಅಂಕಿ ಬದಲಿಸಿ, ಆಮೇಲೆ ಲೆಕ್ಕ ಮಾಡಬೇಕು. ಅದಕ್ಕೆ ಬದಲಾವಣೆಗಳನ್ನು ಅರೇ ರೂಪದಲ್ಲೇ ಕೊಡಿ. ಎರಡು ಸ್ಟ್ರಿಂಗ್ ಕೊಟ್ಟರೆ ಅದು ಬೈಟ್‌ಗೆ ಬೈಟ್ ಬದಲಿಸಿ ಪಠ್ಯವನ್ನೇ ಹಾಳು ಮಾಡುತ್ತದೆ.

ಹೀಗೆ ಲೂಪ್‌ನ ಒಳಗೇ ಸಾಲನ್ನು ತಿದ್ದುವಾಗ ಹಲವರು, ಮೂಲ ಅರೇಯೇ ಬದಲಾಗಲಿ ಎಂದು, ವೇರಿಯಬಲ್‌ನ ಮುಂದೆ & ಹಾಕುತ್ತಾರೆ. ಲೂಪ್ ಮುಗಿದರೂ ಆ ವೇರಿಯಬಲ್ ಕೊನೆಯ ಸಾಲಿಗೆ ಅಂಟಿಕೊಂಡೇ ಇರುತ್ತದೆ. ಅದೇ ಹೆಸರಲ್ಲಿ ಇನ್ನೊಂದು ಫೋರ್‌ಈಚ್ ಬರೆದರೆ ಕೊನೆಯ ಆಟ ಮಾಯವಾಗಿ, ಅದರ ಹಿಂದಿನದು ಎರಡು ಸಲ ಬರುತ್ತದೆ. ನಾನು & ಬಳಸುವುದಿಲ್ಲ. ಕೀ ಇಟ್ಟುಕೊಂಡು ಅರೇಯಲ್ಲೇ ನೇರವಾಗಿ ಬರೆಯುತ್ತೇನೆ.

ಫಾರ್ಮಿನಿಂದ ಬರುವ ಪಠ್ಯದಲ್ಲಿ ಇನ್ನೊಂದು ವಿಷಯ ಕಣ್ಣಿಗೇ ಕಾಣುವುದಿಲ್ಲ. ಬ್ರೌಸರ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಕಳಿಸುತ್ತದೆ, ಕ್ಯಾರೇಜ್ ರಿಟರ್ನ್ ಮತ್ತು ಲೈನ್ ಫೀಡ್. ಎಂ ಫ್ಲ್ಯಾಗ್ (ಸಾಲು ಸಾಲಾಗಿ ನೋಡು ಎಂಬುದು) ಹಾಕಿದಾಗ ಸಾಲಿನ ಕೊನೆಯನ್ನು ಸೂಚಿಸುವ $ ನಿಲ್ಲುವುದು ಎರಡನೆಯದರ ಮುಂದೆ ಮಾತ್ರ. ಹೊತ್ತಿಗೇ ಮುಗಿಯುವ ಸಾಲುಗಳು ಹೊಂದಿಕೆಯಾಗುವುದಿಲ್ಲ, ಪಠ್ಯದ ತೀರಾ ಕೊನೆಯಲ್ಲಿರುವ ಸಾಲೊಂದನ್ನು ಬಿಟ್ಟು. ಪ್ಯಾಟರ್ನ್ ಓಡಿಸುವ ಮೊದಲೇ ಎಲ್ಲ ಸಾಲಿನ ಕೊನೆಯನ್ನೂ ಒಂದೇ ಬಗೆ ಮಾಡಿಕೊಂಡರೆ ಈ ರಗಳೆ ಇಲ್ಲ. ಪುಟಕ್ಕೆ ಅಚ್ಚು ಹಾಕುವಾಗ ‘ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್’ ಮರೆಯಬೇಡಿ, ಪಠ್ಯದಲ್ಲಿ ಸೇರಿಕೊಂಡ ಎಚ್‌ಟಿಎಂಎಲ್ ಕೋಡ್ ಓಡದಂತೆ ಅದು ತಡೆಯುತ್ತದೆ. ಬೇರೆಯವರು ಬರೆದ ಪಠ್ಯ ಅಲ್ವಾ.

ಇದನ್ನೇ ಜಾವಾಸ್ಕ್ರಿಪ್ಟ್‌ನಲ್ಲಿ ಮಾಡುವವರಿಗೆ 2020ರ ಆವೃತ್ತಿಯಿಂದ ‘ಮ್ಯಾಚ್ ಆಲ್’ ಇದೆ. ಅದು ನೇರವಾಗಿ ಸಾಲು ಸಾಲಾಗಿ ಕೊಡುತ್ತದೆ. ಜಿ ಫ್ಲ್ಯಾಗ್ (ಎಲ್ಲವನ್ನೂ ಹುಡುಕು ಎಂಬುದು) ಕಡ್ಡಾಯ. ಅಲ್ಲಿ ಡಿ ಕನ್ನಡ ಅಂಕಿಯನ್ನು ಹಿಡಿಯುವುದೇ ಇಲ್ಲ, ಯು ಇದ್ದರೂ ಅಷ್ಟೇ.

ಕೊನೆಗೆ, ಪ್ರೆಗ್ ಮ್ಯಾಚ್ ಆಲ್ ಹಿಂತಿರುಗಿಸುವ ಉತ್ತರ. ಎಷ್ಟು ಸಿಕ್ಕಿತು ಎಂಬ ಸಂಖ್ಯೆ ಅದು. ಏನೂ ಸಿಗದಿದ್ದರೆ 0. ಪಠ್ಯದಲ್ಲಿ ಯುಟಿಎಫ್-8 ಕೆಟ್ಟಿದ್ದರೆ ಫಾಲ್ಸ್ (ಕೆಲಸ ಆಗಲಿಲ್ಲ ಎಂಬ ಉತ್ತರ). ಎರಡನ್ನೂ ಒಂದೇ ಎಂದು ನೋಡಿದರೆ ಓದುವವರಿಗೆ ತೊಂದರೆ. ಪತ್ತನಾಜೆ ಕಳೆದ ಮೇಲೆ ಪಟ್ಟಿ ನಿಜವಾಗಿಯೂ ಖಾಲಿ ಇರಬಹುದು. ಆಗ ‘ಇವತ್ತು ಆಟ ಇಲ್ಲ’ ಎಂದು ತೋರಿಸುವುದು ಸರಿ. ಆದರೆ ಜನವರಿಯಲ್ಲಿ ಕೆಟ್ಟ ಪಠ್ಯದಿಂದಾಗಿ ಹಾಗೆ ತೋರಿಸಿದರೆ, ಹೊರಟು ನಿಂತ ಯಾರೋ ಮನೆಯಲ್ಲೇ ಉಳಿಯುತ್ತಾರೆ. ಅದಕ್ಕೆ ಬೆಲೆಯ ಜೊತೆ ಬಗೆಯನ್ನೂ ಹೋಲಿಸುವ === ಹಾಕಿ ಫಾಲ್ಸ್ ಅನ್ನು ಬೇರೆಯಾಗಿ ಹಿಡಿದಿದ್ದೇನೆ. ಹಾಗಾದಾಗ ಪುಟದಲ್ಲಿ ‘ಪಟ್ಟಿ ಓದಲಾಗಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ’ ಎಂದು ಬರುತ್ತದೆ. ‘ಪ್ರೆಗ್ ಲಾಸ್ಟ್ ಎರರ್ ಎಂಎಸ್‌ಜಿ’ ಕೊಡುವ ಕಾರಣ ನನ್ನ ಮೇಲ್‌ಗೆ ಬರುತ್ತದೆ.